ಕಂಪ್ಯೂಟರ್ ಜೊತೆ ಕೂತು ಕತೆ ಬರೆದವರು ಅನುಭವ ಹೇಳಿ

ಕೇಳಿದವರು:
ಒಂದು ಕತೆ ಅರ್ಧಕ್ಕೆ ನಿಂತು ಐದು ತಿಂಗಳಾಯಿತು. ತೀರಿಹೋದ ಅಮ್ಮನ ಹೊಲಿಗೆ ಯಂತ್ರವನ್ನು ಮಾರಲು ಹೊರಟ ಮಗನ ಕತೆ. ಕೊಳ್ಳುವವಳು ಬಾಗಿಲಿಗೆ ಬಂದು ನಿಂತಿದ್ದಾಳೆ. ಅಲ್ಲಿಂದ ಮುಂದೆ ಹೋಗುತ್ತಿಲ್ಲ. ಎಐ ಸಹಾಯ ತಗೋ ಅಂತ ಗೆಳತಿ ಹೇಳುತ್ತಿದ್ದಾಳೆ. ತಗೊಂಡರೆ ಕತೆ ನನ್ನದಾಗಿ ಉಳಿಯುತ್ತಾ ಅನ್ನೋ ಭಯ. ಯಾವ ಕೆಲಸ ಅದಕ್ಕೆ ಬಿಡಬಹುದು, ಯಾವುದು ಬಿಡಬಾರದು? ಮಾಡಿ ನೋಡಿದವರು ಹೇಳಿ.

ಸಣ್ಣಕತೆ ಬರೆಯುವವರು:
ಎರಡು ವರ್ಷದಿಂದ ಎಐ ಪಕ್ಕದಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ಮೊದಲ ಆರು ತಿಂಗಳು ಪೂರ್ತಿ ತಪ್ಪಾಗಿ ಬಳಸಿದೆ. 'ಈ ಕತೆ ಮುಂದುವರಿಸು' ಅನ್ನುತ್ತಿದ್ದೆ. ಅದು ಮುಂದುವರಿಸುತ್ತಿತ್ತು. ಓದಲು ಚೆನ್ನಾಗಿಯೂ ಇರುತ್ತಿತ್ತು. ಹಾಗೆ ನಾಲ್ಕು ಕತೆ ಮುಗಿಸಿದೆ. ನನ್ನ ಬರವಣಿಗೆ ಬಲ್ಲವರೊಬ್ಬರು ಓದಿ, 'ನಾಲ್ಕೂ ಒಂದೇ ಥರ ಇದೆಯಲ್ಲ' ಅಂದರು. ತೆಗೆದು ನೋಡಿದೆ. ನಿಜ. ನಾಲ್ಕರಲ್ಲೂ ಕೊನೆಗೆ ಯಾರೋ ಒಬ್ಬರು ಕಿಟಕಿ ಹತ್ತಿರ ನಿಂತು, ಹೊರಗೆ ನೋಡುತ್ತಾ ಸಮಾಧಾನ ಮಾಡಿಕೊಳ್ಳುತ್ತಾರೆ. ಅವತ್ತು ತುಂಬಾ ಬೇಜಾರಾಯಿತು.

ಎಐ ಕೆಲಸ ಮಾಡುವ ರೀತಿಯೇ ಹಾಗೆ. ಅಲ್ಲಿವರೆಗಿನ ಮಾತು ನೋಡಿಕೊಂಡು, ಮುಂದೆ ಯಾವ ಪದ ಬರುವ ಸಾಧ್ಯತೆ ಜಾಸ್ತಿ ಅಂತ ಲೆಕ್ಕ ಹಾಕುತ್ತದೆ. ಸುಮ್ನೆ ಬಿಟ್ಟರೆ ಎಲ್ಲರೂ ನಡೆದ ದಾರಿಯಲ್ಲೇ ನಡೆಯುತ್ತದೆ. 2024ರಲ್ಲಿ 'ಸೈನ್ಸ್ ಅಡ್ವಾನ್ಸಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಎಐ ಕೊಟ್ಟ ಎಳೆ ಹಿಡಿದು ಪುಟ್ಟ ಕತೆ ಬರೆದವರಿಗೆ ಓದುಗರು ಜಾಸ್ತಿ ಅಂಕ ಕೊಟ್ಟರು. ಅದರಲ್ಲೂ ಕಲ್ಪನೆ ಸ್ವಲ್ಪ ಕಡಿಮೆ ಇದ್ದವರಿಗೆ ಅದರಿಂದ ಹೆಚ್ಚು ಲಾಭವಾಯಿತು. ಆದರೆ ಆ ಕತೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ಎಐ ಇಲ್ಲದೆ ಬರೆದವುಗಳಿಗಿಂತ ಅವು ಒಂದನ್ನೊಂದು ಹೆಚ್ಚು ಹೋಲುತ್ತಿದ್ದವು. ನನ್ನ ನಾಲ್ಕು ಕಿಟಕಿಗಳೂ ಅದೇ ಅಲ್ವಾ?

ಈಗ ಅದೇ ದೋಷವನ್ನು ಉಪಯೋಗಕ್ಕೆ ಹಾಕಿಕೊಂಡಿದ್ದೇನೆ. ನಿಮ್ಮ ಎರಡು ಸಾಲನ್ನೇ ಕೊಟ್ಟು ನೋಡಿದೆ. ಮುಂದೆ ಏನಾಗಬಹುದು, ಹತ್ತು ದಾರಿ ಹೇಳು ಅಂದೆ. ಆರರಲ್ಲಿ ಯಂತ್ರದ ಡ್ರಾಯರ್‌ನಲ್ಲಿ ಅಮ್ಮನ ಹಳೇ ಪತ್ರ ಸಿಕ್ಕಿತು. ಎರಡರಲ್ಲಿ ಕೊಳ್ಳುವವಳು ಅಮ್ಮನ ಹಳೇ ಗೆಳತಿಯಾಗಿದ್ದಳು. ಉಳಿದ ಎರಡರಲ್ಲಿ ಮಗ ಕೊನೇ ಕ್ಷಣದಲ್ಲಿ ಮಾರುವುದಿಲ್ಲ ಅಂದ. ಈ ಪಟ್ಟಿಗೆ ಬೆಲೆ ಇದೆ. ಯಾರಿಗಾದರೂ ಮೊದಲು ಹೊಳೆಯುವುದು ಏನು ಅಂತ ಒಂದೇ ನಿಮಿಷದಲ್ಲಿ ಗೊತ್ತಾಯಿತು. ಹತ್ತನ್ನೂ ಹೊಡೆದು ಹಾಕಿ. ಪತ್ರ ಸಿಗಬಾರದು, ಗೆಳತಿ ಆಗಬಾರದು, ಮನಸ್ಸು ಬದಲಾಗಬಾರದು. ಹಾಗಿದ್ದರೆ ಇನ್ನೇನು? ಅಲ್ಲಿಂದ ನಿಮ್ಮ ಕತೆ ಶುರು.

ಆಮೇಲೆ ಕೆಲಸ ತಿರುಗಿಸಿ. 'ನೀನು ಒಂದು ವಾಕ್ಯವನ್ನೂ ಬರೆಯಬೇಡ. ಕತೆ ಬಗ್ಗೆ ನನಗೆ ಪ್ರಶ್ನೆ ಮಾತ್ರ ಕೇಳು, ಒಂದು ಸಲಕ್ಕೆ ಒಂದೇ' ಅನ್ನಿ. ಅದೂ ಮಾಡಿ ನೋಡಿದೆ. ಐದಾರು ಪ್ರಶ್ನೆ ಸಪ್ಪೆ. ಏಳನೆಯದು ಇದು: 'ಕೊಳ್ಳುವವಳು ಹೊಲಿದು ನೋಡಬೇಕು, ಒಂದು ತುಂಡು ಬಟ್ಟೆ ಕೊಡಿ ಅನ್ನುತ್ತಾಳೆ. ಅವನು ಯಾವ ಬಟ್ಟೆ ತಂದುಕೊಡುತ್ತಾನೆ?' ಇದಕ್ಕೆ ಉತ್ತರ ನಿಮ್ಮ ಹತ್ತಿರ ಮಾತ್ರ ಇದೆ. ನಾನು ಊಹಿಸಲೂ ಹೋಗುವುದಿಲ್ಲ.

ವಾಕ್ಯ ಮಾತ್ರ ಯಾವತ್ತೂ ಅದರಿಂದ ತಗೊಳ್ಳಬೇಡಿ. ನನ್ನದೇ ಒಂದು ಕತೆಯ ಸಾಲು ತೋರಿಸುತ್ತೇನೆ. ಅದು ಬರೆದದ್ದು: 'ಅವನ ಕಣ್ಣುಗಳಲ್ಲಿ ಹೇಳಲಾಗದ ನೋವು ಮಡುಗಟ್ಟಿತ್ತು, ನೆನಪುಗಳು ಅಲೆಅಲೆಯಾಗಿ ಬಂದವು.' ಎರಡು ದಿನ ಕೂತು ನಾನು ಬರೆದದ್ದು: 'ಕುರ್ಚಿಯ ಮೇಲಿನ ಧೂಳು ಒರೆಸಿದ. ಒರೆಸಬಾರದಿತ್ತು ಅಂತ ಆಮೇಲೆ ಅನ್ನಿಸಿತು.' ಮೊದಲನೆಯದು ಯಾರ ಕಣ್ಣಿಗೂ ಹೊಂದುತ್ತದೆ. ಎರಡನೆಯದು ಆ ಒಬ್ಬನಿಗೆ ಮಾತ್ರ.

ಹಳೇ ಪ್ರೋಗ್ರಾಮರ್:
ಈ ಜೋಡಿ ಕೆಲಸ ಇವತ್ತಿನದಲ್ಲ. 1970ರ ದಶಕದಲ್ಲೇ ಯೇಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಮೀಹನ್ ಅನ್ನುವವರು 'ಟೇಲ್‌ಸ್ಪಿನ್' ಅಂತ ಕತೆ ಹೇಳುವ ಪ್ರೋಗ್ರಾಂ ಮಾಡಿದ್ದರು. ಕರಡಿ, ಹಕ್ಕಿ, ಇರುವೆ ಇಂಥ ಪಾತ್ರಗಳು. ಪ್ರತಿ ಪಾತ್ರಕ್ಕೂ ಹಸಿವೋ ಬಾಯಾರಿಕೆಯೋ ಒಂದು ಬೇಕು. ಅದನ್ನು ಪೂರೈಸಿಕೊಳ್ಳಲು ಅವು ಪಡುವ ಪಾಡೇ ಕತೆ.

ಅದರ ಒಂದು ಎಡವಟ್ಟು ಕತೆ ನನಗೆ ತುಂಬಾ ಇಷ್ಟ. ಬಾಯಾರಿದ ಇರುವೆ ಹೊಳೆಗೆ ಬಂದು ಕಾಲು ಜಾರಿ ಬೀಳುತ್ತದೆ. ಕತೆಯ ಕೊನೇ ಮಾತು: ಗುರುತ್ವಾಕರ್ಷಣೆ ಮುಳುಗಿ ಸತ್ತಿತು! ಬೀಳಿಸುವುದಕ್ಕೆ ಯಾರಾದರೂ ಬೇಕಲ್ಲ ಅಂತ ಗುರುತ್ವವನ್ನೂ ಒಂದು ಪಾತ್ರದಂತೆ ಇಟ್ಟಿದ್ದರು. ಇರುವೆಯ ಜೊತೆ ಅದೂ ಹೊಳೆಗೆ ಬಿತ್ತು. ಈಜಲು ಕಾಲಿಲ್ಲ, ಹಾರಲು ರೆಕ್ಕೆ ಇಲ್ಲ, ಕಾಪಾಡಲು ಗೆಳೆಯರಿಲ್ಲ. ಹಾಗಾಗಿ ಮುಳುಗಿತು. ಲೆಕ್ಕದಲ್ಲಿ ಒಂದೂ ತಪ್ಪಿಲ್ಲ ನೋಡಿ. ನಾವು ಹೇಳದೇ ಬಿಟ್ಟದ್ದು ಅದಕ್ಕೆ ಗೊತ್ತಿರಲಿಲ್ಲ, ಅಷ್ಟೇ.

ಈಗಿನವು ಹಾಗೆ ಮುಳುಗುವುದಿಲ್ಲ, ಲೋಕದ ಸಂಗತಿ ಬೇಕಾದಷ್ಟು ಓದಿಕೊಂಡಿವೆ. ಆದರೆ ನಿಮ್ಮ ಕತೆಯ ಲೋಕ ಓದಿಲ್ಲ. ಆ ಅಮ್ಮ ಯಾರಿಗೆ ಹೊಲಿಯುತ್ತಿದ್ದಳು, ಮಗನಿಗೆ ದುಡ್ಡು ಯಾಕೆ ಬೇಕು, ನೀವು ಹೇಳದಿದ್ದರೆ ಖಾಲಿ ಜಾಗವನ್ನು ಅದು ತಾನೇ ತುಂಬಿಕೊಳ್ಳುತ್ತದೆ. ಅದೂ ಎಷ್ಟು ನಯವಾಗಿ ತುಂಬುತ್ತದೆ ಅಂದರೆ, ಅಲ್ಲಿ ಖಾಲಿ ಇತ್ತು ಅನ್ನೋದೇ ನಿಮಗೆ ಮರೆತುಹೋಗುತ್ತದೆ.

ಕಾದಂಬರಿ ಬರೆಯುತ್ತಿರುವವರು:
ಉದ್ದದ ಬರಹಕ್ಕೆ ಒಂದು ಮಾತು. ಒಂದು ಸಲಕ್ಕೆ ಎಷ್ಟು ಪಠ್ಯ ಗಮನದಲ್ಲಿಟ್ಟುಕೊಳ್ಳಬಹುದು ಅನ್ನೋದಕ್ಕೆ ಎಐಗೊಂದು ಮಿತಿ ಇದೆ. ಮಾತುಕತೆ ಉದ್ದವಾದ ಹಾಗೆ ಮೊದಲು ಹೇಳಿದ್ದು ಕೈಬಿಟ್ಟುಹೋಗುತ್ತದೆ. ಮೂರನೇ ಅಧ್ಯಾಯದಲ್ಲಿ ಸತ್ತ ಅಣ್ಣ ಹನ್ನೊಂದರಲ್ಲಿ ಊಟಕ್ಕೆ ಕೂತಿದ್ದ, ನನಗೇ ಆಗಿದೆ. ಪಾತ್ರಗಳ ವಯಸ್ಸು, ಸಂಬಂಧ, ಯಾರಿಗೆ ಯಾವ ಗುಟ್ಟು ಗೊತ್ತು, ಇಷ್ಟನ್ನು ಒಂದು ಪುಟದಲ್ಲಿ ಬರೆದಿಡಿ. ಪ್ರತಿ ಸಲ ಅದನ್ನು ಮೊದಲು ಕೊಟ್ಟು ಆಮೇಲೆ ಮಾತಾಡಿಸಿ. ಬರೆದ ಅಧ್ಯಾಯ ಕೊಟ್ಟು 'ಇದರಲ್ಲಿ ಹೊಂದದ ಸಂಗತಿ ಯಾವುದು' ಅಂತ ಕೇಳಿದರೆ ಒಳ್ಳೆ ಕೆಲಸ ಮಾಡುತ್ತದೆ. ಅದು ಹೇಳಿದ್ದನ್ನು ಮಾತ್ರ ಹಾಳೆ ತೆಗೆದು ಸರಿನೋಡಿ, ಇಲ್ಲದ ತಪ್ಪನ್ನೂ ಹುಡುಕಿಕೊಡುತ್ತದೆ.

ಸಂಪಾದಕಿ:
ಬಳಸಿದ್ದರೆ ಬಳಸಿದ್ದೇನೆ ಅಂತ ಹೇಳಿಬಿಡಿ. 2023ರ ಫೆಬ್ರವರಿಯಲ್ಲಿ 'ಕ್ಲಾರ್ಕ್ಸ್‌ವರ್ಲ್ಡ್' ಅನ್ನುವ ಅಮೆರಿಕದ ವೈಜ್ಞಾನಿಕ ಕತೆಗಳ ಪತ್ರಿಕೆ ಹೊಸ ಕತೆ ತಗೊಳ್ಳುವುದನ್ನೇ ಸ್ವಲ್ಪ ದಿನ ನಿಲ್ಲಿಸಬೇಕಾಯಿತು. ಯಂತ್ರದಿಂದ ಬರೆಸಿದ ಕತೆಗಳು ಅಷ್ಟು ಬಂದು ಬೀಳುತ್ತಿದ್ದವು. ಅವುಗಳ ಅಡಿಯಲ್ಲಿ ಎಷ್ಟು ಹೊಸಬರ ಒಳ್ಳೆ ಕತೆ ಕಾಯುತ್ತಾ ಕೂತಿರಬೇಕು ಅಂತ ನೆನೆದರೆ ಸಂಕಟವಾಗುತ್ತದೆ. 2024ರ ಜನವರಿಯಲ್ಲಿ ಜಪಾನಿನ ಅಕುತಗಾವಾ ಸಾಹಿತ್ಯ ಪ್ರಶಸ್ತಿ ಪಡೆದ ರಿಯೆ ಕುದಾನ್, ಕಾದಂಬರಿಯ ಸುಮಾರು ಶೇ. 5ರಷ್ಟು ಸಾಲು ಎಐ ಬರೆದಂತೆಯೇ ಇದೆ ಅಂತ ತಾವೇ ಹೇಳಿದರು. ಕತೆಯೊಳಗೆ ಎಐ ಉತ್ತರ ಕೊಡುವ ಕಡೆ ಅದನ್ನು ಬಳಸಿದ್ದು ಅಂತ ಆಮೇಲೆ ವಿವರಿಸಿದರು. ಯಂತ್ರದ ಮಾತಿಗೆ ಯಂತ್ರದ ಮಾತು, ಅಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಕಳಿಸುವ ಮೊದಲು ಆಯಾ ಪತ್ರಿಕೆಯ ನಿಯಮ ಓದಿ. ಕೆಲವು ಕಡೆ ಎಳೆ ತಗೊಂಡರೂ ಒಪ್ಪುವುದಿಲ್ಲ. ಮತ್ತೆ, ಯಾವ ಹಂತದಲ್ಲಿ ಏನು ಕೇಳಿದಿರಿ ಅನ್ನೋದನ್ನು ಉಳಿಸಿಕೊಳ್ಳಿ. ಅಮೆರಿಕದ ಕಾಪಿರೈಟ್ ಕಚೇರಿ 2023ರಲ್ಲೇ ಹೇಳಿದೆ, ಮನುಷ್ಯರು ಬರೆದ ಭಾಗಕ್ಕೆ ಮಾತ್ರ ಹಕ್ಕು ಅಂತ.

ಕೇಳಿದವರು:
ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಆ ಬಟ್ಟೆಯ ಪ್ರಶ್ನೆ ನೋಡಿದ ರಾತ್ರಿಯೇ ಬರೆಯಲು ಕೂತೆ. ಅವನು ತನ್ನ ಹಳೇ ಶಾಲೆ ಅಂಗಿ ತರುತ್ತಾನೆ ಅಂದುಕೊಂಡಿದ್ದೆ. ಬರೆಯುತ್ತಾ ಹೋದ ಹಾಗೆ ಬೇಡ ಅನ್ನಿಸಿತು, ಅದೂ ಆ ಹತ್ತರ ಸಾಲಿಗೆ ಹನ್ನೊಂದನೆಯದೇ ಅಲ್ವಾ. ಈಗ ಅವನು ತರುವುದು ಕೈಗೆ ಸಿಕ್ಕ ಅಡುಗೆಮನೆಯ ಒರೆಸುವ ಬಟ್ಟೆ. ಅವಳು ಅದನ್ನೇ ಇಟ್ಟು ಹೊಲಿಯುತ್ತಾಳೆ. ಮೇಲಿನ ದಾರ ಅವಳು ತಂದದ್ದು, ಬಿಳಿ. ಬಟ್ಟೆ ತಿರುಗಿಸಿದರೆ ಅಡಿಯ ಹೊಲಿಗೆ ಹಸಿರು. ಬಾಬಿನ್‌ನಲ್ಲಿ ಅಮ್ಮ ಸುತ್ತಿಟ್ಟಿದ್ದ ದಾರ ಇನ್ನೂ ಉಳಿದಿತ್ತು.