ದೊಡ್ಡಮ್ಮನಿಗೆ, ಭಾನುವಾರದ ಹಕ್ಕಿ ನೋಡುವ ವಿಷಯ

ದೊಡ್ಡಮ್ಮ, ನಿಮ್ಮ ಮೆಸೇಜು ಈಗ ನೋಡಿದೆ. ಹದ್ದು ದಾವಣಗೆರೆಯಲ್ಲಿ ಮನೆ ಮೇಲೇ ಸುತ್ತುತ್ತವೆ, ಅದಕ್ಕೋಸ್ಕರ ಪಾಪುವನ್ನು ಕಟ್ಟಿಕೊಂಡು ಜಗಳೂರು ಕಡೆ ಬಯಲಿಗೆ ಯಾಕೆ ಅಂತ ಕೇಳಿದ್ದೀರಿ. ಟೈಪ್ ಮಾಡಿ ಮುಗಿಯುವ ಮಾತಲ್ಲ, ಅದಕ್ಕೇ ನಮ್ಮ ಮನೆ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕುತ್ತಿದ್ದೇನೆ. ಕೆಲಸ ಮಾಡಿಕೊಳ್ಳುತ್ತಲೇ ಕೇಳಿಸಿಕೊಳ್ಳಿ.

ಮೊದಲು ಪಾಪು ವಿಷಯ. ಹೆದರಬೇಡಿ. ನಾವು ನೋಡಲು ಹೊರಟಿರುವುದು ಮನೆ ಮೇಲಿನ ಹದ್ದಲ್ಲ, ಅದರ ಬಳಗದ್ದೇ ಹ್ಯಾರಿಯರ್ ಅನ್ನೋ ಬೇಟೆ ಹಕ್ಕಿ. ರೆಕ್ಕೆ ಬಿಚ್ಚಿದರೆ ಮೂರು ಅಡಿಗೂ ಜಾಸ್ತಿ, ತೂಕ ಮಾತ್ರ 300 ಗ್ರಾಂ ಆಸುಪಾಸು. ಮಿಡತೆ, ಓತಿಕ್ಯಾತ, ಇಲಿ, ಸಣ್ಣಪುಟ್ಟ ಹಕ್ಕಿ, ಇಷ್ಟೇ ಅದರ ಊಟ. ಮಕ್ಕಳ ಹತ್ತಿರ ಸುಳಿಯುವುದೂ ಇಲ್ಲ.

ಮನೆ ಮೇಲೆ ಸುತ್ತುವ ಹದ್ದು, ನೀವು ಕೈಮುಗಿಯುವ ಬಿಳಿ ತಲೆಯ ಗರುಡ, ಇವೆರಡೂ ನಮ್ಮ ಕಡೆಯವೇ. ಹ್ಯಾರಿಯರ್ ಕಜಕಿಸ್ತಾನದ ಕಡೆ ಹುಲ್ಲುಗಾವಲಲ್ಲಿ ಮರಿ ಮಾಡಿ, ಚಳಿ ಬೀಳುವ ಮೊದಲು ಹೊರಟು ಇಲ್ಲಿಗೆ ಬರುತ್ತದೆ. ಮಾರ್ಚ್, ಏಪ್ರಿಲ್‌ಗೆ ವಾಪಸ್. ಆಮೇಲೆ ಬೇಕೆಂದರೂ ಸಿಗುವುದಿಲ್ಲ.

ಹೋದ ವರ್ಷ ಜನವರಿಯಲ್ಲಿ ನಾನು, ಚಿಕ್ಕಪ್ಪ ಹೋಗಿದ್ದೆವಲ್ವಾ. ಐದೂವರೆ ಹೊತ್ತಿಗೆ ಒಂದು ಗಂಡು ಬಂತು. ಬೂದಿ ಬಣ್ಣ, ರೆಕ್ಕೆ ತುದಿ ಮಾತ್ರ ಕಪ್ಪು. ಹುಲ್ಲಿಗೆ ತಾಗುವಷ್ಟು ಕೆಳಗೆ ತೇಲುತ್ತಾ ಬಂದು ಸರಕ್ಕನೆ ಒಳಗೆ ಇಳಿಯಿತು. ಮತ್ತೆ ಏಳಲಿಲ್ಲ. ಇವು ಮರದ ಮೇಲೆ ಮಲಗುವುದಿಲ್ಲ ದೊಡ್ಡಮ್ಮ, ಮೊಣಕಾಲುದ್ದದ ಹುಲ್ಲಿನೊಳಗೆ ನೆಲದ ಮೇಲೇ ಮಲಗುತ್ತವೆ. ಕತ್ತಲಾಗುವಷ್ಟರಲ್ಲಿ ಹನ್ನೊಂದು ಎಣಿಸಿದೆ. ಚಿಕ್ಕಪ್ಪ ಬೀಡಿ ಹಚ್ಚುವುದನ್ನೂ ಮರೆತು ನಿಂತಿದ್ದರು.

ಬೆಳಿಗ್ಗೆ ಹಕ್ಕಿಗಳೆಲ್ಲ ಎದ್ದು ಹೋದ ಮೇಲೆ ಹುಲ್ಲಿನ ಅಂಚಿನಲ್ಲಿ ಹೆಬ್ಬೆರಳಿನಷ್ಟು ಒಂದು ಒಣಗಿದ ಉಂಡೆ ಸಿಕ್ಕಿತು. ಕರಗದ ಕೂದಲು, ಚಿಪ್ಪನ್ನೆಲ್ಲ ಅವು ಹೀಗೆ ಬಾಯಿಂದ ಹೊರಗೆ ಹಾಕುತ್ತವೆ. ಕಡ್ಡಿಯಲ್ಲಿ ಬಿಡಿಸಿದೆ. ಮಿಡತೆಯ ಗರಗಸದಂಥ ಹಿಂಗಾಲುಗಳು ಹಾಗ್ಹಾಗೇ ಇದ್ದವು, ನಡುವೆ ಇಲಿಯ ಕೂದಲು. ಚಿಕ್ಕಪ್ಪ ಅಂಗೈ ಮೇಲೆ ಇಟ್ಟುಕೊಂಡು, 'ನಮ್ಮ ಮೆಕ್ಕೆಜೋಳದ ಕಾವಲುಗಾರ ಇವನೇ ನೋಡು' ಅಂದರು. ನನಗೂ ಹಾಗೇ ಅನಿಸಿತು.

ಈ ಡಿಸೆಂಬರಿನಲ್ಲಿ ಮತ್ತೆ ಹೋದಾಗ ಮಾತ್ರ ಬೇಜಾರಾಯಿತು. ಹಕ್ಕಿಗಳು ಇಳಿದು ಹತ್ತು ನಿಮಿಷ ಆಗಿರಲಿಲ್ಲ, ಕಾರಿನಲ್ಲಿ ಬಂದವರು ಫೋಟೋಗೆ ಅಂತ ಸೀದಾ ಹುಲ್ಲಿಗೆ ನುಗ್ಗಿದರು. ಎಲ್ಲ ಎದ್ದವು. ಆ ಕತ್ತಲಲ್ಲಿ ಸುತ್ತಿ ಸುತ್ತಿ ಎತ್ತಲೋ ಹೋದವು. ಅಷ್ಟು ದೂರದಿಂದ ಬಂದ ಜೀವಕ್ಕೆ ರಾತ್ರಿ ನಿದ್ದೆಯೂ ಬೇಡವಾ? ನರಿ, ನಾಯಿ ಓಡಾಡುವ ಜಾಗ ಅದು.

ಅದಕ್ಕೇ ಗ್ರೂಪಿನಲ್ಲಿರುವ ಎಲ್ಲರಿಗೂ ಹೇಳುತ್ತಿದ್ದೇನೆ. ಹುಲ್ಲಿಗೆ ಯಾರೂ ಕಾಲಿಡುವುದು ಬೇಡ, ರಸ್ತೆ ಪಕ್ಕ ಚಾಪೆ ಹಾಸಿ ಕೂರೋಣ. ಮಾವ, ಡ್ರೋನ್ ಮನೆಯಲ್ಲೇ ಇರಲಿ, ದಯವಿಟ್ಟು. ಕೋಳಿ ಮಾಂಸ ತಂದು ಎಸೆಯುವುದೂ ಬೇಡ. ಬಿಳಿ, ಕೆಂಪು ಬಟ್ಟೆ ಬಿಟ್ಟು ಮಣ್ಣಿನ ಬಣ್ಣದ್ದು ಹಾಕಿಕೊಳ್ಳಿ.

ಮಧ್ಯಾಹ್ನ ಎರಡೂವರೆಗೆ ಗಾಡಿ ನಿಮ್ಮ ಮನೆ ಮುಂದೆ ಬರುತ್ತದೆ ದೊಡ್ಡಮ್ಮ. ಮಂಡಕ್ಕಿಯನ್ನು ಡಬ್ಬಿಗೆ ಹಾಕಿಕೊಳ್ಳಿ, ಕವರ್ ಆದರೆ ಸುಮ್ನೆ ಪರಪರ ಸದ್ದು. ಪಾಪುಗೆ ಸ್ವೆಟರ್, ಟೋಪಿ ಇರಲಿ, ಸೂರ್ಯ ಮುಳುಗಿದ ಮೇಲೆ ಬಯಲ ಗಾಳಿ ತಣ್ಣಗಿರುತ್ತದೆ. ಬೈನಾಕ್ಯುಲರ್ ಎರಡಿವೆ. ಒಂದು ನಿಮಗೇ ಅಂತ ತೆಗೆದಿಟ್ಟಿದ್ದೇನೆ.