ಪದಚರ್ಚೆ: ‘ವಿಗೊರೆಕ್ಸಿಯ’ಕ್ಕೆ ‘ಜಿಮ್ ಹುಚ್ಚು’ ಒಪ್ಪುತ್ತದೆಯೇ?

ಮೈ ಹುರಿಗಟ್ಟಿದ್ದರೂ ಸಾಲದು ಎಂದು ಕೊರಗುವ ಮನೋಕಾಯಿಲೆಗೆ ಸ್ಪ್ಯಾನಿಷ್, ಪೋರ್ಚುಗೀಸ್ ಪತ್ರಿಕೆಗಳಲ್ಲಿ ಬಳಕೆಯಲ್ಲಿರುವ ‘ವಿಗೊರೆಕ್ಸಿಯ’ ಎಂಬ ಪದಕ್ಕೆ ಕನ್ನಡ ಬೇಕಾಗಿದೆ. ‘ಜಿಮ್ ಹುಚ್ಚು’, ‘ಸ್ನಾಯು ಭ್ರಮೆ’ ಎಂಬ ಎರಡು ಸಲಹೆಗಳಿವೆ. ಎರಡೂ ದಾರಿ ತಪ್ಪಿಸುತ್ತವೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಉಚ್ಚಾರ. ಎರಡೂ ಭಾಷೆಗಳಲ್ಲಿ ಕಾಗುಣಿತ ಒಂದೇ. ಸ್ಪ್ಯಾನಿಷಿನಲ್ಲಿ ‘ವ’ಕ್ಕೂ ‘ಬ’ಕ್ಕೂ ಒಂದೇ ದನಿ, ಒತ್ತು ‘ರೆ’ ಮೇಲೆ. ಕಿವಿಗೆ ‘ಬಿಗೊರೆಕ್ಸ್ಯ’ ಎಂದೇ ಬೀಳುತ್ತದೆ. ಪೋರ್ಚುಗೀಸಿನಲ್ಲಿ ‘ವ’ ಹಾಗೇ ಉಳಿದು ಒತ್ತು ‘ಕ್ಸೀ’ಗೆ ಸರಿಯುತ್ತದೆ: ‘ವಿಗೊರೆಕ್ಸೀಯ’. ಕೇಳಿ ಬರೆದುಕೊಳ್ಳುವವರು ಇಲ್ಲಿ ಎಚ್ಚರವಾಗಿರಬೇಕು. ಇಂಗ್ಲಿಷಿನ ‘ಬಿಗೊರೆಕ್ಸಿಯ’ ಬೇರೆ ಪದ; ಅದರೊಳಗಿರುವುದು ‘ಬಿಗ್’. ಇದರೊಳಗಿರುವುದು ಲ್ಯಾಟಿನ್ ಮೂಲದ ‘ವಿಗೊರ್’, ಅಂದರೆ ಕಸುವು.

ಉತ್ತರಾರ್ಧ ‘ಅನೊರೆಕ್ಸಿಯ’ದಿಂದ (ದಪ್ಪಗಾಗುವ ಹೆದರಿಕೆಯಿಂದ ಊಟ ಬಿಡುವ ಕಾಯಿಲೆ) ಬಂದದ್ದು. ಗ್ರೀಕಿನ ‘ಒರೆಕ್ಸಿಸ್’ ಎಂದರೆ ಹಸಿವು, ಬಯಕೆ. ‘ವಿಗೊರ್’ ಪದದ ಕೊನೆಯ ‘ಒರ್’, ‘ಒರೆಕ್ಸಿಯ’ದ ಮೊದಲ ‘ಒರ್’ ಒಂದರ ಮೇಲೊಂದು ಕೂತು ಪದ ಬೆಸೆದುಕೊಂಡಿದೆ. ಅಕ್ಷರಶಃ ‘ಕಸುವಿನ ಹಸಿವು’. ಕಾಯಿಲೆಗೆ ಇಷ್ಟು ಚೆಂದದ ಹೆಸರಾದದ್ದೇ ತೊಡಕು.

ವೈದ್ಯರ ಬರಹದಲ್ಲಿ ಎರಡೂ ಭಾಷೆಗಳಿಗೆ ‘ಡಿಸ್ಮೊರ್ಫಿಯ ಮುಸ್ಕುಲಾರ್’ ಇದೆ. ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು 1993ರಲ್ಲಿ 108 ದೇಹದಾರ್ಢ್ಯಪಟುಗಳ ಅಧ್ಯಯನದಲ್ಲಿ ಇದನ್ನು ‘ತಿರುವುಮುರುವಾದ ಅನೊರೆಕ್ಸಿಯ’ ಎಂದಿದ್ದರು. 1997ರಲ್ಲಿ ‘ಮಸಲ್ ಡಿಸ್ಮಾರ್ಫಿಯ’ ಎಂದು ಬದಲಿಸಿದರು. ಅಮೆರಿಕದ ಮನೋವೈದ್ಯರ ಸಂಘದ ರೋಗಕೈಪಿಡಿಯಾದ 2013ರ ಡಿಎಸ್ಎಂ-5 ಇದನ್ನು ದೇಹವಿರೂಪ ಕಾಯಿಲೆಯ (ಮೈಯಲ್ಲಿ ಇಲ್ಲದ ಕುಂದು ಕಂಡು ಕೊರಗುವುದು) ಒಂದು ಬಗೆಯಾಗಿ, ಗೀಳುಕಾಯಿಲೆಗಳ ಗುಂಪಿನಲ್ಲಿ ಇಟ್ಟಿದೆ. ಊಟದ ಕಾಯಿಲೆಗಳ ಜೊತೆ ಅಲ್ಲ. ಹಾಗಾಗಿ ‘ಹಸಿವು’ ಪದಮೂಲದಲ್ಲಿದ್ದರೂ ಕನ್ನಡಕ್ಕೆ ತರಬೇಕಿಲ್ಲ.

‘ಜಿಮ್ ಹುಚ್ಚು’ ಯಾಕೆ ಬೇಡ? ದಿನಕ್ಕೆ ಮೂರು ಗಂಟೆ ಸಾಮು ಮಾಡುವ ಪೈಲ್ವಾನನಿಗೆ ಈ ಕಾಯಿಲೆ ಇರಬೇಕೆಂದಿಲ್ಲ. ಇದು ಇರುವವನ ಮೈ ಸಾಮಾನ್ಯವಾಗಿಯೋ ಹುರಿಗಟ್ಟಿಯೋ ಇರುತ್ತದೆ, ಆದರೂ ಕನ್ನಡಿಯಲ್ಲಿ ಅವನಿಗೆ ಕಾಣುವುದು ನರಪೇತಲ. ಮತ್ತೆ ಮತ್ತೆ ಕನ್ನಡಿ ನೋಡುತ್ತಾನೆ, ಇಲ್ಲವೆ ಅದರಿಂದ ತಪ್ಪಿಸಿಕೊಳ್ಳುತ್ತಾನೆ; ದೊಗಲೆ ಅಂಗಿಯಲ್ಲಿ ಮೈ ಮುಚ್ಚುತ್ತಾನೆ; ವ್ಯಾಯಾಮ ತಪ್ಪೀತೆಂದು ಕೆಲಸ, ಮದುವೆಮನೆ ಬಿಡುತ್ತಾನೆ; ಕೆಲವರು ಸ್ಟೀರಾಯ್ಡಿಗೂ ಇಳಿಯುತ್ತಾರೆ. ನೋವಿನ ಬೇರು ವ್ಯಾಯಾಮದಲ್ಲಿಲ್ಲ, ‘ನನ್ನ ಮೈ ಸಾಲದು’ ಎಂಬ ಕೊರಗಿನಲ್ಲಿದೆ. ‘ಹುಚ್ಚು’ ಎಂದು ಅಚ್ಚಾದರೆ ಓದುವ ಆ ಹುಡುಗನೇ ಮುದುಡಿಹೋಗುತ್ತಾನೆ.

‘ಭ್ರಮೆ’ಯದು ಬೇರೆ ತಪ್ಪು. ತನ್ನ ಎಣಿಕೆ ನಿಜವಲ್ಲ ಎಂಬ ಅರಿವು ಕೆಲವರಿಗೆ ಚೆನ್ನಾಗಿಯೇ ಇರುತ್ತದೆ, ಕೆಲವರಿಗೆ ಇರುವುದೇ ಇಲ್ಲ. ‘ಭ್ರಮೆ’ ಎಂದರೆ ಎಲ್ಲರನ್ನೂ ಎರಡನೆಯ ಗುಂಪಿಗೆ ದೂಡಿದಂತೆ.

‘ಸ್ನಾಯು’ವಿನ ಬಗ್ಗೆಯೂ ಒಂದು ಮಾತು. ಸುಶ್ರುತ ಸಂಹಿತೆ 900 ಸ್ನಾಯು, 500 ಪೇಶಿ ಎಂದು ಬೇರೆ ಬೇರೆ ಎಣಿಸುತ್ತದೆ. ಅಲ್ಲಿ ಮಾಂಸಖಂಡಕ್ಕೆ ಪೇಶಿ, ಕಟ್ಟುನಾರಿಗೆ ಸ್ನಾಯು. ಆದರೆ ಇಂದಿನ ಕನ್ನಡ ಪಠ್ಯಗಳಲ್ಲಿ ಸ್ನಾಯು ಎಂದರೆ ಮಾಂಸಖಂಡವೇ. ಅದನ್ನು ಕದಲಿಸುವುದು ಬೇಡ.

ನನ್ನ ಸಲಹೆ: ವೈದ್ಯಕೀಯ ಬರಹಕ್ಕೆ ‘ಸ್ನಾಯು ವಿರೂಪಗೀಳು’, ಪತ್ರಿಕೆಗೆ ‘ಹುರಿಮೈ ಗೀಳು’. ‘ವಿಗೊರೆಕ್ಸಿಕೊ’ ಎಂದು ವ್ಯಕ್ತಿಯನ್ನು ಕರೆದಲ್ಲಿ ‘ಹುರಿಮೈ ಗೀಳಿರುವವನು’. ಒಂದು ಕೊರತೆ ಉಳಿಯುತ್ತದೆ: ‘ಸಿನಿಮಾ ಗೀಳು’ ಎನ್ನುವಾಗಿನ ಹಗುರ ಅರ್ಥವೂ ಗೀಳಿಗಿದೆ. ಮೊದಲ ಬಳಕೆಯಲ್ಲಿ ‘ಹುರಿಮೈ ಗೀಳುಕಾಯಿಲೆ’ ಎಂದು ಬಿಡಿಸಿ ಬರೆದರೆ ಸಾಕೇ, ಅಥವಾ ‘ಗೀಳು’ ಬಿಟ್ಟು ಬೇರೆ ಪದ ಯಾರಿಗಾದರೂ ಹೊಳೆಯುತ್ತದೆಯೇ?