ಹಳೇ ಲೇಟೆಕ್ಸ್ (ರಬ್ಬರ್) ಮುಖವಾಡ ಕುಸಿದಿದೆ, ಏನು ಮಾಡೋದು?

ಪ್ರಶ್ನೆ: ಅಮೆರಿಕದ ಮುಖವಾಡ ಕಂಪನಿ ಡಾನ್ ಪೋಸ್ಟ್ ಸ್ಟುಡಿಯೋಸ್‌ನ ಹಳೇ ಫ್ರಾಂಕೆನ್‌ಸ್ಟೈನ್ (ಸಿನಿಮಾ ರಾಕ್ಷಸ) ಮುಖವಾಡ. ಕೆನ್ನೆ ಒಳಕ್ಕೆ ಕುಸಿದಿದೆ, ಕತ್ತಿನ ಅಂಚು ಎರಡಿಂಚು ಸೀಳಿದೆ. ಎಣ್ಣೆ ಸವರಬಹುದಾ?

ಉತ್ತರ 1: ಎಣ್ಣೆ, ವ್ಯಾಸಲೀನ್ ಬೇಡವೇ ಬೇಡ ಸರ್. ಲೇಟೆಕ್ಸ್ ಉಬ್ಬಿ ಜಿಗುಟಾಗುತ್ತೆ. ಹೇರ್ ಡ್ರೈಯರ್ ಕಡಿಮೆ ಬಿಸಿಯಲ್ಲಿಟ್ಟು, ಒಂದಡಿ ದೂರದಿಂದ ಒಳಗಡೆ ಗಾಳಿ ಬಿಡಿ. ಮೆತ್ತಗಾದ ಮೇಲೆ ಪಾಲಿಯೆಸ್ಟರ್ ಫೈಬರ್ (ದಿಂಬಿಗೆ ತುಂಬುವಂಥದ್ದು) ಸ್ವಲ್ಪಸ್ವಲ್ಪವೇ ತುಂಬಿ, ಆಕಾರ ಬಂದ ಮೇಲೆ ಹಾಗೇ ತಣಿಯಲು ಬಿಡಿ. ಹಪ್ಪಳದಂತೆ ಪಟಪಟ ಒಡೆಯುತ್ತಿದ್ದರೆ ಮಾತ್ರ ಬಗ್ಗಿಸಲು ಹೋಗಬೇಡಿ.

ಉತ್ತರ 2: ಸೀಳಿಗೆ ಒಳಮೈಯಿಂದ ತೆಳು ಹತ್ತಿಬಟ್ಟೆ, ಅದರ ಮೇಲೆ ದ್ರವ ಲೇಟೆಕ್ಸ್ ಮೂರು ಪದರ. ಒಂದು ಪೂರ್ತಿ ಒಣಗಿದ ಮೇಲೇ ಇನ್ನೊಂದು. ಹೊರಗೆ ಹೊಸ ಬಣ್ಣ ಬಳಿದರೆ ಬೆಲೆ ಬಿತ್ತು ಅಂತಲೇ ಲೆಕ್ಕ.

ಉತ್ತರ 3: ಒಳಗೆ ಹಳೇ ನ್ಯೂಸ್‌ಪೇಪರ್ ತುರುಕಿದ್ದರೆ ಮೊದಲು ತೆಗೀರಿ, ಅದರಲ್ಲಿ ಆಮ್ಲ ಇರುತ್ತೆ. ಬಿಸಿಲು ಬೀಳಬಾರದು, ತಾಮ್ರ ತಾಗಬಾರದು.